ಕತ್ತರಿಗೆ ಮುಂಚೆ: ಬೇಸಿಗೆ ಬಟ್ಟೆ ಹೊಲಿಯುವವರು ಮಾಡಬೇಕಾದ್ದು, ಮಾಡಬಾರದ್ದು

ಬೇಸಿಗೆ ರಜೆಯ ಹೊಲಿಗೆ ತರಗತಿಗೆ ಬರುವವರಿಗೂ, ಮನೆಯಲ್ಲೇ ಕೂತು ಹಳೆ ಸೀರೆ, ಲುಂಗಿ, ಪಂಚೆಗಳಿಂದ ಉಡುಪು ಮಾಡಿಕೊಳ್ಳಲು ಹೊರಟವರಿಗೂ ಈ ಸೂಚನೆ. ಕಲಬುರಗಿ, ರಾಯಚೂರು, ಯಾದಗಿರಿ ಕಡೆಯ ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಪಾದರಸ 40 ಡಿಗ್ರಿ ದಾಟಿದ ಮೇಲೆ ಬಟ್ಟೆಯ ಗುಣ ಕೆಟ್ಟದಿದ್ದರೆ ಯಾವ ಫ್ಯಾಷನ್ನೂ ಮೈಮೇಲೆ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಬಟ್ಟೆ, ಆಮೇಲೆ ಅಳತೆ, ಆಮೇಲೆ ಹೊಲಿಗೆ. ಅಂದಚೆಂದ ಅವುಗಳ ಹಿಂದೆ ತಾನಾಗಿ ಬರುತ್ತದೆ. ಬರದಿದ್ದರೆ ಒಂದು ಚೆಂದದ ಜೇಬು ಹಚ್ಚಿ ಸುಮ್ಮನಾಗಿ.

ಅಂಗಡಿಯ ವಿಷಯ

ಮೊದಲು ಅಂಗಡಿಗೆ ಹೋಗಬಾರದು. ಮನೆಯಲ್ಲಿ ಹೊಲಿದರೆ ಅಗ್ಗ ಎಂದು ಹೊರಟವರು ಹೊಸ ಕಟ್ ಪೀಸು, ಲೇಸು, ಮಣಿ, ಇಪ್ಪತ್ನಾಲ್ಕು ಬಣ್ಣದ ದಾರದ ಡಬ್ಬಿ, ಅಂಟಿನ ಗನ್ನು ಎಲ್ಲ ಖರೀದಿಸಿ, ರೆಡಿಮೇಡ್ ಕುರ್ತಾಕ್ಕೆ ಆಗುವುದಕ್ಕಿಂತ ಹೆಚ್ಚು ದುಡ್ಡು ಸುರಿದು ಬರುತ್ತಾರೆ. ಕೊನೆಗೆ ಕುರ್ತಾ ಮುಗಿಯುವುದಿಲ್ಲ, ಡಬ್ಬಿ ಮಾತ್ರ ಮನೆಯಲ್ಲಿ ಉಳಿಯುತ್ತದೆ.

ಮೊದಲು ಕಪಾಟು, ಟ್ರಂಕು, ಮಂಚದ ಕೆಳಗಿನ ಗಂಟು ಬಿಚ್ಚಬೇಕು. ನೂಲಿನ ಸೀರೆ, ಅಪ್ಪನ ಧೋತರ, ಅಣ್ಣನ ಲುಂಗಿ, ಹಳೆ ಬೆಡ್‌ಶೀಟು, ಮದುವೆಯಲ್ಲಿ ಆಯೇರಿ ಬಂದು ಮಡಿಕೆ ಬಿಚ್ಚದೆ ಬಿದ್ದಿರುವ ಬ್ಲೌಸ್ ಪೀಸುಗಳು, ಎಲ್ಲ ಒಂದು ಕಡೆ ಹಾಕಿ. ಒಂದು ಉಡುಪಿಗೆ ದಾರ, ಗುಂಡಿ, ಎಲಾಸ್ಟಿಕ್, ಲಾಡಿ ಎಲ್ಲ ಸೇರಿ ನೂರು ರೂಪಾಯಿ ಗಡಿ ಹಾಕಿಕೊಳ್ಳಿ. ಗಡಿ ದಾಟುತ್ತಿದೆ ಅನಿಸಿದರೆ ವಿನ್ಯಾಸ ಬದಲಿಸಿ, ಗಡಿ ಬದಲಿಸಬೇಡಿ.

ಅವ್ವನ ಸೀರೆ, ಅತ್ತೆಯ ಸೀರೆ, ಅಜ್ಜಿಯ ಸೀರೆ ಯಾವುದೇ ಇರಲಿ, ಕೇಳದೆ ಕತ್ತರಿ ಹಾಕಬಾರದು. "ಅವ್ವಾ, ನೀ ಇದನ್ನ ಉಡೋದೇ ಇಲ್ಲಲ್ಲ" ಎಂಬುದು ಅನುಮತಿ ಆಗುವುದಿಲ್ಲ. ಅವರು ಬಾಯಿಬಿಟ್ಟು "ತಗೋ" ಅನ್ನಬೇಕು. ಹೊಲಿಗೆಯ ತಪ್ಪನ್ನು ಬಿಚ್ಚಿ ಸರಿಮಾಡಬಹುದು, ಇದನ್ನು ಸರಿಮಾಡಲು ಬರುವುದಿಲ್ಲ.

ಬಟ್ಟೆಯ ಗುರುತು

ಬೋರ್ಡಿನ ಮೇಲೆ "ಕಾಟನ್" ಎಂದಿದ್ದರೆ ನಂಬಬಾರದು. ಹಳೆ ಸೀರೆಯನ್ನೂ ಮುಟ್ಟಿ ನೋಡಿ ಮಾತ್ರ ನಂಬಬಾರದು. ಟೆರಿಕಾಟು, ಪಾಲಿಕಾಟನ್, ಆರ್ಟ್ ಸಿಲ್ಕು ಹಲವು ಬಾರಿ ಒಗೆದ ಮೇಲೆ ಕೈಗೆ ನೂಲಿನಂತೆಯೇ ಸಿಗುತ್ತವೆ. ಮೈಗೆ ಹಾಕಿದ ಅರ್ಧ ಗಂಟೆಯಲ್ಲಿ ಬಣ್ಣ ಬಯಲಾಗುತ್ತದೆ: ಬೆವರು ಹೀರುವುದಿಲ್ಲ, ಬೆನ್ನಿಗೆ ಅಂಟಿಕೊಳ್ಳುತ್ತವೆ.

ಸುಟ್ಟು ನೋಡಬೇಕು. ಅಂಚಿನಿಂದ ನಾಲ್ಕಾರು ಎಳೆ ಬಿಡಿಸಿಕೊಳ್ಳಿ. ಹಾಸು, ಹೊಕ್ಕು ಎರಡರ ಎಳೆಯನ್ನೂ ಬೇರೆ ಬೇರೆ ತೆಗೆಯಿರಿ, ಏಕೆಂದರೆ ಮಿಶ್ರ ಬಟ್ಟೆಯಲ್ಲಿ ಹಾಸು ಒಂದು, ಹೊಕ್ಕು ಇನ್ನೊಂದು ಇರಬಹುದು. ನೀರಿರುವ ಸ್ಟೀಲ್ ತಟ್ಟೆಯ ಮೇಲೆ ಎಳೆಯನ್ನು ಚಿಮಟದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ. ನೂಲಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ, ಮುದುಡಿ, ಗಟ್ಟಿಯಾದ ಕರಿ ಗುಂಡಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ರೇಯಾನ್ ಮಾತ್ರ ಮೋಸ ಮಾಡುತ್ತದೆ, ಅದೂ ಕಾಗದದಂತೆಯೇ ಉರಿಯುತ್ತದೆ. ಆದರೆ ಒದ್ದೆಯಾದಾಗ ಅದರ ಎಳೆ ಬಲ ಕಳೆದುಕೊಳ್ಳುತ್ತದೆ, ಹಾಗಾಗಿ ಒಂದು ಎಳೆ ನೆನೆಸಿ ಜಗ್ಗಿ ನೋಡಿ. ಮನೆಯಲ್ಲಿ ಹಾಕಿಕೊಳ್ಳಲು ರೇಯಾನ್ ಪರವಾಗಿಲ್ಲ. ದಿನಾ ಒಗೆದು ಹಿಂಡುವ ಬಟ್ಟೆಗೆ ಬೇಡ.

ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕೂತು ಎದ್ದು ಸವೆದ ಜಾಗದಲ್ಲಿ ಎಳೆಗಳು ಜರುಗಿ ಬಲೆಯ ಹಾಗೆ ಕಾಣುತ್ತವೆ. ಸೀರೆಯಲ್ಲಿ ಅದು ಒಡಲಿನ ನಡುಭಾಗ. ಆ ಭಾಗವನ್ನು ಚಾಕ್‌ನಿಂದ ಗುರುತು ಹಾಕಿ ಬಿಟ್ಟುಬಿಡಿ. ಎರಡು ಹೆಬ್ಬೆರಳಿನಿಂದ ಜಗ್ಗಿದಾಗ ಚರ್ರ್ ಅಂದರೆ ಅದು ಉಡುಪಿಗಲ್ಲ, ಒರೆಸುವುದಕ್ಕೆ.

ಹೊಸ ನೂಲಿನ ಬಟ್ಟೆ ತಂದಿದ್ದರೆ ಕತ್ತರಿಸುವ ಮುನ್ನ ಒಂದು ರಾತ್ರಿ ನೆನೆಹಾಕಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಬೇಕು. ಕೋರಾ ಬಟ್ಟೆಗಂತೂ ಇದು ಕಡ್ಡಾಯ. ಹಳೆ ಬಟ್ಟೆಯ ದೊಡ್ಡ ಲಾಭವೇ ಇದು, ಅದು ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ.

ಸಡಿಲ

ಬೇಸಿಗೆ ಎಂದು ತೋಳು ಕತ್ತರಿಸುವುದು, ಮೈಗೆ ಅಂಟಿದ ಚಿಕ್ಕ ಬಟ್ಟೆ ಹೊಲಿಯುವುದು ಈ ಕಡೆ ಕೆಲಸಕ್ಕೆ ಬರುವುದಿಲ್ಲ. ಒಣ ಬಿಸಿಲಿನಲ್ಲಿ ಗಾಳಿಯೇ ಮೈಗಿಂತ ಬಿಸಿ. ಬರಿ ತೋಳಿಗೆ ಆ ಝಳ ನೇರ ಬಡಿಯುತ್ತದೆ. ಮೈ ಮುಚ್ಚಬೇಕು, ಆದರೆ ಮುಟ್ಟಬಾರದು. ಬಟ್ಟೆಗೂ ಚರ್ಮಕ್ಕೂ ನಡುವೆ ಗಾಳಿ ಓಡಾಡಿದರೆ ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಬೆಡೂಯಿನ್ ಜನ ಮರುಭೂಮಿಯಲ್ಲಿ ಕಪ್ಪು ನಿಲುವಂಗಿ ಏಕೆ ಹಾಕುತ್ತಾರೆ ಎಂದು ಪರೀಕ್ಷಿಸಿದ ಅಧ್ಯಯನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರಿದರೂ ಚರ್ಮಕ್ಕೆ ತಲುಪಿದ ಶಾಖ ಬಿಳಿ ನಿಲುವಂಗಿಯಲ್ಲಿ ಇದ್ದಷ್ಟೇ ಇತ್ತು. ಹೆಚ್ಚಿನ ಬಿಸಿಯನ್ನು ಸಡಿಲ ಬಟ್ಟೆಯೊಳಗಿನ ಗಾಳಿಯೇ ಹೊರಗೆ ಹಾಕಿತ್ತು. ಹಾಗಂತ ಕಪ್ಪು ಬಿಗಿ ಟೀಶರ್ಟು ಹಾಕಿಕೊಂಡು ಸಂತೆಗೆ ಹೋಗಬೇಡಿ. ಅಲ್ಲಿ ಕೆಲಸ ಮಾಡಿದ್ದು ಸಡಿಲ.

ಬಿಳಿ ವಾಯಿಲ್ ತಂಪು ನಿಜ, ಆದರೆ ತೀರಾ ತೆಳುವಾದರೆ ಅತಿನೇರಳೆ ಕಿರಣಗಳನ್ನು ತಡೆಯುವುದು ಕಡಿಮೆ. ಬೆವರಿಗೆ ಒದ್ದೆಯಾದರೆ ಇನ್ನೂ ಕಡಿಮೆ. ಹೊಲಕ್ಕೆ, ಬಸ್‌ಸ್ಟ್ಯಾಂಡಿಗೆ, ಸಂತೆಗೆ ಹೋಗುವ ಬಟ್ಟೆ ಸ್ವಲ್ಪ ದಟ್ಟ ನೇಯ್ಗೆಯದಿರಲಿ. ವಾಯಿಲ್ ಮನೆಗಿರಲಿ.

ಮಂಗಳೂರು, ಉಡುಪಿ ಕಡೆಯವರಿಗೆ ಲೆಕ್ಕ ಬೇರೆ. ಅಲ್ಲಿ ಗಾಳಿಯಲ್ಲೇ ನೀರಿನಂಶ ತುಂಬಿರುವುದರಿಂದ ಬೆವರು ಆರುವುದೇ ಕಷ್ಟ. ದಟ್ಟ ಬಟ್ಟೆ ಬೇಡ. ಬೈರಾಸಿನಂಥ ತೆಳು, ಬಿಡಿ ನೇಯ್ಗೆಯ ಬಟ್ಟೆ, ಅಗಲ ಕೊರಳು, ಗಿಡ್ಡ ತೋಳು. ಬಿಸಿಲಿಗೆ ಹೋಗುವಾಗ ಮೇಲೊಂದು ಹೊದಿಕೆ ಸಾಕು.

ಒಂದು ಸೀರೆಯ ಲೆಕ್ಕ

ಕಲಿಯಲು ಬರುವವರೆಲ್ಲ ಮೊದಲು ಹಳೆ ಸೀರೆಯಿಂದ ಈ ಸಾದಾ ಕುರ್ತಾವನ್ನೇ ಹೊಲಿಯಬೇಕು. ಗುಂಡಗೆ ಕತ್ತರಿಸುವ ಕಂಕುಳು ಇಲ್ಲ, ಡಾರ್ಟ್ ಇಲ್ಲ, ಬಟ್ಟೆ ವ್ಯರ್ಥವಾಗುವುದಿಲ್ಲ. ನಮ್ಮ ಕಡೆಯ ಹಿರಿಯರ ನೆಹರು ಅಂಗಿ, ನಿಲುವಂಗಿಗಳ ಹಳೆ ಲೆಕ್ಕವೇ ಇದು.

ಸೀರೆ ಐದೂವರೆ ಮೀಟರ್, ಅಂದರೆ ಸುಮಾರು 216 ಇಂಚು. ಪನ್ನ ಸುಮಾರು 45 ಇಂಚು. ಸೀರೆಯ ಪನ್ನವೇ ಕುರ್ತಾದ ಉದ್ದವಾಗಲಿ, ಕೆಳಗಿನ ಅಂಚು ಕುರ್ತಾದ ಕೆಳತುದಿಗೆ ಬರಲಿ. ಆಗ ಮಡಿಚಿ ಹೆಮ್ಮಿಂಗ್ ಮಾಡುವ ಕೆಲಸವೇ ತಪ್ಪುತ್ತದೆ, ನೋಡಲೂ ಚೆಂದ. ಮೇಲಂಚನ್ನು ಬಿಡಿಸಿ ತೋಳಿನ ತುದಿಗೆ ಇಟ್ಟುಕೊಳ್ಳಿ. ಫಾಲ್ ಇದ್ದರೆ ಮೊದಲು ಬಿಚ್ಚಿ. ನೂಲಿನ ಸೀರೆಗೂ ಹಲವರು ಪಾಲಿಯೆಸ್ಟರ್ ಫಾಲ್ ಹಚ್ಚಿಸಿರುತ್ತಾರೆ.

ಎದೆ ಸುತ್ತಳತೆ 36 ಇಂಚು ಎಂದುಕೊಳ್ಳಿ. ಅದಕ್ಕೆ 6 ಇಂಚು ಲೂಸು ಕೂಡಿಸಿದರೆ 42. ಅರ್ಧ 21, ಎರಡು ಬದಿಯ ಹೊಲಿಗೆಗೆ ಅರ್ಧರ್ಧ ಇಂಚು, ಒಟ್ಟು 22. ಮುಂದಿನದೊಂದು, ಹಿಂದಿನದೊಂದು, ಸೀರೆಯ ಉದ್ದದಲ್ಲಿ 44 ಇಂಚು ಹೋಯಿತು. ತೋಳಿಗೆ 18 ಇಂಚಿನ ಒಂದು ಪಟ್ಟಿ. ಆ ಪಟ್ಟಿಯ ಪನ್ನದಲ್ಲಿ ಹತ್ತತ್ತು ಇಂಚಿನ ಎರಡು ತೋಳು ಬಂದ ಮೇಲೂ ಜೇಬಿಗೆ, ಕೊರಳ ಪಟ್ಟಿಗೆ, ಕಂಕುಳ ತುಂಡಿಗೆ ಬಟ್ಟೆ ಉಳಿಯುತ್ತದೆ. ಒಟ್ಟು 62 ಇಂಚು, ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಸೆರಗು ಬಿಟ್ಟು, ಸವೆದದ್ದು ಬಿಟ್ಟು, ಒಂದು ಸೀರೆಯಲ್ಲಿ ಎರಡು ಕುರ್ತಾ ಧಾರಾಳವಾಗಿ ಆಗುತ್ತವೆ. ಸೀರೆ ಗಟ್ಟಿ ಇದ್ದರೆ ಮಿಕ್ಕಿದ್ದರಲ್ಲಿ ಮಗುವಿಗೊಂದು ಫ್ರಾಕು.

ಕಂಕುಳಿಗೆ 5 ಇಂಚಿನ ಚೌಕ ತುಂಡನ್ನು ಮೂಲೆ ಮಾಡಿ ಕೂಡಿಸಲೇಬೇಕು. ಇದನ್ನು ಬಿಟ್ಟರೆ ಕೈ ಎತ್ತಿದ ಕೂಡಲೇ ಹೊಲಿಗೆ ಬಿಡುತ್ತದೆ, ಇಡೀ ಅಂಗಿ ಮೇಲೆ ಏರುತ್ತದೆ. ಬೆವರು ಹೆಚ್ಚು ಕೂಡುವ ಜಾಗವೂ ಅದೇ. ಬಿಗಿಯಾದಷ್ಟೂ ಬಟ್ಟೆ ಬೇಗ ಕೊಳೆಯುತ್ತದೆ.

ಕೊರಳನ್ನು ಒಂದೇ ಸಲಕ್ಕೆ ಅಗಲವಾಗಿ ಕತ್ತರಿಸಬಾರದು. ತಲೆ ತೂರುವಷ್ಟು ಕತ್ತರಿಸಿ, ಹಾಕಿ ನೋಡಿ, ಆಮೇಲೆ ಅರ್ಧರ್ಧ ಇಂಚು ಇಳಿಸಿ. ಕೊರಳ ಪಟ್ಟಿ ಕ್ರಾಸ್‌ನಲ್ಲೇ ಕತ್ತರಿಸಬೇಕು, ಒಂದೂಕಾಲು ಇಂಚು ಅಗಲ. ನೇರ ಪಟ್ಟಿ ಹಚ್ಚಿದರೆ ಕೊರಳು ಸುಕ್ಕುಗಟ್ಟಿ ನಿಲ್ಲುತ್ತದೆ. ಎಷ್ಟು ಇಸ್ತ್ರಿ ತಿಕ್ಕಿದರೂ ಆಮೇಲೆ ಕೂರುವುದಿಲ್ಲ.

ಲೈನಿಂಗ್ ಬೇಕೇಬೇಕೆಂದರೆ ಮಲ್ ಬಟ್ಟೆ ಹಾಕಿ. ಅಂಗಡಿಯವರು ಕೊಡುವ ಹೊಳೆಯುವ ಲೈನಿಂಗ್ ಬೇಡವೇ ಬೇಡ. ಮೇಲೆ ಖಾದಿ, ಒಳಗೆ ಪಾಲಿಯೆಸ್ಟರ್ ಎಂದರೆ ಕಾಸು ಕೊಟ್ಟು ಕಾವು ಕೊಂಡಂತೆ.

ಲುಂಗಿ, ಧೋತರ, ಜೀನ್ಸ್

ಎರಡು ಮೀಟರ್ ಲುಂಗಿಯಲ್ಲಿ ಒಂದು ಪೈಜಾಮ ಆಗುತ್ತದೆ. ಒಂದೊಂದು ಕಾಲಿಗೆ 30 ಇಂಚು ಹಿಡಿಯಿರಿ, ಮಿಕ್ಕ 18 ಇಂಚು ಜೇಬಿಗೆ, ಲಾಡಿ ಪಟ್ಟಿಗೆ, ತೊಡೆಸಂದಿನ ತುಂಡಿಗೆ. ಚೌಕಳಿ ಲುಂಗಿಯಾದರೆ ಎರಡು ಕಾಲಿನ ಗೆರೆಗಳು ಕೂಡುವ ಹಾಗೆ ಮೊದಲು ಗುಂಡುಪಿನ್ನು ಚುಚ್ಚಿ, ಆಮೇಲೆ ಹೊಲಿಯಿರಿ. ಗೆರೆ ಕೂಡದ ಪೈಜಾಮ ದೂರದಿಂದಲೇ "ಮನೆಯಲ್ಲಿ ಹೊಲಿದದ್ದು" ಎಂದು ಕೂಗಿ ಹೇಳುತ್ತದೆ.

ಎಂಟು ಮೊಳದ ಬಿಳಿ ಧೋತರ ಮಕ್ಕಳ ಬಟ್ಟೆಗೆ ಅತ್ಯುತ್ತಮ. ಎಷ್ಟೋ ಸಲ ಒಗೆದು ಮೆತ್ತಗಾಗಿರುತ್ತದೆ. ಮಗುವಿನ ಅಂಗಿಯ ಕೊರಳಿಗೆ ಲಾಡಿ, ದಾರ ಇಡಬಾರದು. ಚಿಕ್ಕ ಮಕ್ಕಳ ಬಟ್ಟೆಗೆ ಮಣಿ, ಅಂಟಿಸಿದ ಕುಂದಣ ಬೇಡ, ಅವು ಬಾಯಿಗೆ ಹೋಗುತ್ತವೆ.

ಹಳೆ ಜೀನ್ಸ್ ಕತ್ತರಿಸಿ ಚಡ್ಡಿ ಮಾಡುವವರು ಬೇಕಾದ ಅಳತೆಗಿಂತ ಒಂದು ಇಂಚು ಉದ್ದ ಬಿಟ್ಟು, ಒಮ್ಮೆ ಒಗೆದು, ಆಮೇಲೆ ಸರಿಮಾಡಿ. ಮಷಿನ್‌ಗೆ 16 ನಂಬರ್ ಸೂಜಿ ಹಾಕಿ. ತೆಳು ಸೀರೆಗೆ 11, ಪಾಪ್ಲಿನ್ನಿಗೆ 14. ಎಲ್ಲಕ್ಕೂ ಒಂದೇ ಸೂಜಿಯಲ್ಲಿ ಹೊಲಿದು "ಮಷಿನ್ ದಾರ ತಿನ್ನುತ್ತದೆ" ಎಂದು ದೂರಬೇಡಿ.

ಇಳಕಲ್, ಖಣ

ಮೇ ತಿಂಗಳು ಮದುವೆಗಳ ತಿಂಗಳೂ ಹೌದು, ಹಾಗಾಗಿ ಇದು ಹೇಳಲೇಬೇಕು. ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ಬೇರೆಯಾಗಿ ಹೊಲಿದು ಹಚ್ಚಿರುವುದಿಲ್ಲ. ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಮಗ್ಗದ ಮೇಲೆ ಜೋಡಿಸಿರುತ್ತಾರೆ. ಗಟ್ಟಿ ಇರುವ ಇಳಕಲ್ ಸೀರೆಗೆ ಕತ್ತರಿ ಹಾಕಬೇಡಿ. ಒಡಲು ಪೂರ್ತಿ ಹರಿದಿದ್ದರೆ ಮಾತ್ರ ಆ ಜೋಡಣೆಯಿಂದ ಎರಡು ಇಂಚು ಒಡಲಿನ ಕಡೆಗೆ ಬಿಟ್ಟು ಕತ್ತರಿಸಿ, ಸೆರಗನ್ನು ಇಡಿಯಾಗಿ ದುಪಟ್ಟಾ ಮಾಡಿಕೊಳ್ಳಿ. ಜೋಡಣೆಯ ಮೇಲೆಯೇ ಕತ್ತರಿ ಆಡಿಸಿದರೆ ಎಳೆಗಳು ಬಿಚ್ಚಿಕೊಂಡು ಬರುತ್ತವೆ. ಇಸ್ತ್ರಿ ಮಾಡುವಾಗಲೂ ಎಚ್ಚರ: ಒಡಲು ನೂಲಾಗಿದ್ದು ಸೆರಗು ರೇಷ್ಮೆಯೋ ಆರ್ಟ್ ಸಿಲ್ಕೋ ಆಗಿರಬಹುದು. ನೂಲಿನ ಬಿಸಿಯನ್ನು ಸೆರಗಿಗೆ ಕೊಡಬಾರದು.

ಗುಳೇದಗುಡ್ಡದ ಖಣದಲ್ಲಿ ಇಡೀ ಕುರ್ತಾ ಹೊಲಿಯುವ ಹುಚ್ಚು ಈಗ ಎಲ್ಲ ಕಡೆ ಇದೆ. ಬೇಸಿಗೆಗೆ ಬೇಡ. ಖಣದ ಪನ್ನ ಕಿರಿದು, ಬಟ್ಟೆ ಬಿಗಿ. ಅದು ರವಿಕೆಯ ಬಟ್ಟೆ. ಜೇಬಿಗೆ, ಕೊರಳ ಸುತ್ತ, ತೋಳಿನ ತುದಿಗೆ ಒಂದು ಗೇಣು ಖಣ ಹಾಕಿದರೆ ಸಾದಾ ನೂಲಿನ ಕುರ್ತಾ ಮದುವೆ ಮನೆಗೆ ನಡೆಯುತ್ತದೆ. ಆಯೇರಿ ಬಂದ ಖಣದ ಪೀಸುಗಳಿಗೆ ಇದಕ್ಕಿಂತ ಒಳ್ಳೆ ಗತಿ ನನಗೆ ಕಂಡಿಲ್ಲ. ಆದರೆ ಹಚ್ಚುವ ಮುನ್ನ ಖಣವನ್ನು ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬೇರೆ ತುಂಡು ಹುಡುಕಿ.

ಬಣ್ಣ

ನೀರು ವಾರಕ್ಕೊಮ್ಮೆ ಬರುವ ಬಡಾವಣೆಯಲ್ಲಿ ಮೇ ತಿಂಗಳಲ್ಲಿ ಬಣ್ಣ ಹಾಕುವ ಕೆಲಸಕ್ಕೆ ಇಳಿಯಬೇಡಿ. ಒಂದು ಸೀರೆಗೆ ಬಣ್ಣ ಹಾಕಿ ಜಾಲಿಸುವಷ್ಟರಲ್ಲಿ ಮನೆಯ ಒಂದು ದಿನದ ನೀರು ಹೋಗುತ್ತದೆ. ನೀರಿದ್ದವರು ಮುಂದೆ ಓದಿ.

ಅರಿಶಿನದಲ್ಲಿ ಬಟ್ಟೆಗೆ ಬಣ್ಣ ಹಾಕಬಾರದು. ಬಿಸಿಲಿಗೆ ಮಾಸುತ್ತದೆ, ಸೋಪು ತಾಗಿದ ಕಡೆ ಕೆಂಪಗಾಗುತ್ತದೆ. ಬೀಟ್‌ರೂಟ್ ರಸ ಇನ್ನೂ ಬೇಗ ಹೋಗುತ್ತದೆ. ದಾಳಿಂಬೆ ಸಿಪ್ಪೆ ಹಾಗಲ್ಲ, ನಿಲ್ಲುತ್ತದೆ. ಹಣ್ಣಿನ ಅಂಗಡಿಯವರನ್ನು ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬಟ್ಟೆಯನ್ನು ಮೊದಲು ವಾಷಿಂಗ್ ಸೋಡಾ ಹಾಕಿ ಕುದಿಸಿ ಗಂಜಿ, ಜಿಡ್ಡು ತೆಗೆಯಿರಿ. ಅಳಲೆಕಾಯಿ ಪುಡಿಯ ನೀರಿನಲ್ಲಿ ನೆನೆಸಿ ಒಣಗಿಸಿ. ನಂತರ 100 ಗ್ರಾಂ ಬಟ್ಟೆಗೆ 15 ಗ್ರಾಂ ಲೆಕ್ಕದಲ್ಲಿ ಪಟಿಕ ಕರಗಿಸಿದ ನೀರಿನಲ್ಲಿ ನೆನೆಸಿ. ಆಮೇಲೆ ಬಟ್ಟೆಯಷ್ಟೇ ತೂಕದ ಒಣ ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲಿ ಸುಮಾರು ಒಂದು ಗಂಟೆ ಸಣ್ಣ ಉರಿಯಲ್ಲಿಡಿ. ಹಳದಿ ಬರುತ್ತದೆ. ತುಕ್ಕು ಮೊಳೆ ಹಾಕಿ ಹುಳಿಸಿದ ಬೆಲ್ಲದ ನೀರು ತುಸು ಬೆರೆಸಿದರೆ ಬೂದುಗಪ್ಪು. ಹೆಚ್ಚು ಬೆರೆಸಬೇಡಿ, ಕಬ್ಬಿಣದ ಅಂಶ ನೂಲನ್ನು ಕಾಲಕ್ರಮೇಣ ತಿನ್ನುತ್ತದೆ.

ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು ಮತ್ತೆ ಅಡುಗೆಮನೆಗೆ ಹೋಗಬಾರದು. ಸಿಪ್ಪೆಯ ಬಣ್ಣವಾದರೂ ಅಷ್ಟೇ, ಪುಡಿ ಬಣ್ಣವಾದರಂತೂ ಮಾತೇ ಬೇಡ.

ಬ್ಲೀಚ್ ಹಾಕಿ ಚಿತ್ತಾರ ಮಾಡುವವರು ಬಾಗಿಲು, ಕಿಟಕಿ ತೆರೆದು, ಕೈಗವಸು ಹಾಕಿಯೇ ಮಾಡಬೇಕು. ಬ್ಲೀಚಿಗೆ ನಿಂಬೆರಸ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬಾರದು. ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಪುಪ್ಪುಸ ಸುಡುತ್ತದೆ. ರೇಷ್ಮೆಗೆ ಬ್ಲೀಚ್ ತಾಗಿಸಬಾರದು, ಎಳೆಯೇ ಹಾಳಾಗುತ್ತದೆ.

ಬಣ್ಣ ಬಿಡುವ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಕಚ್ಚಿಕೊಳ್ಳುತ್ತದೆ ಎಂಬ ಮಾತನ್ನು ತಲೆಮಾರುಗಳಿಂದ ಕೇಳುತ್ತಿದ್ದೇವೆ. ಬಣ್ಣ ಹಾಕುವ ಹಂತದಲ್ಲಿ ಉಪ್ಪಿಗೆ ಕೆಲಸವಿದೆ, ಆಗಲೇ ತಯಾರಾದ ಬಟ್ಟೆಯಲ್ಲಿ ಇಲ್ಲ. ಅಂಥದ್ದನ್ನು ಬೇರೆಯಾಗಿ, ತಣ್ಣೀರಿನಲ್ಲಿ ಒಗೆಯುವುದೊಂದೇ ದಾರಿ.

ಹಾಕಿಕೊಂಡ ಮೇಲೆ

ನಟ್ಟ ನಡು ಮಧ್ಯಾಹ್ನದ ಬಿಸಿಲಿಗೆ ಬಣ್ಣದ ಬಟ್ಟೆ ಒಣಹಾಕಬೇಡಿ. ಹಾಕಲೇಬೇಕಾದರೆ ಒಳಹೊರಗು ಮಾಡಿ ಹಾಕಿ. ಈ ಬಿಸಿಲಿಗೆ ನೆರಳಿನಲ್ಲಿ ಹಾಕಿದರೂ ಬೇಗ ಒಣಗುತ್ತದೆ.

ಗಂಜಿ ತೆಳ್ಳಗಿರಲಿ. ಗಟ್ಟಿ ಗಂಜಿ ಹಾಕಿದರೆ ನೇಯ್ಗೆಯ ಕಿಂಡಿ ಮುಚ್ಚಿ ಗಾಳಿ ಆಡುವುದಿಲ್ಲ. ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲಕ್ಕೆ ಹಾಗೆಯೇ ಟ್ರಂಕಿಗೆ ತುಂಬಬಾರದು, ಹುಳ ಹಿಡಿಯುತ್ತದೆ.

ಉದ್ದನೆಯ ದುಪಟ್ಟಾವನ್ನು ಸ್ಕೂಟರಿನ ಹಿಂದೆ ಹಾರಾಡಲು ಬಿಡಬಾರದು. ಚಕ್ರಕ್ಕೆ ಸಿಕ್ಕರೆ ಕೊರಳಿಗೇ ಬರುತ್ತದೆ. ತಲೆ, ಮುಖ ಸುತ್ತಿಕೊಳ್ಳಲು ಒಂದೂವರೆ ಮೀಟರಿನ ನೂಲಿನ ತುಂಡು ಬೇರೆಯಾಗಿ ಹೊಲಿದಿಟ್ಟುಕೊಳ್ಳಿ, ಎರಡು ತುದಿಯನ್ನೂ ಒಳಗೆ ಸಿಕ್ಕಿಸಿ.

ಚಿಂದಿ

ಉಳಿದ ತುಂಡುಗಳಿಂದ ಸ್ಕ್ರಂಚಿ, ಪೌಚು, ಮೊಬೈಲ್ ಚೀಲ ಎಂದು ಮನೆ ತುಂಬಿಸಬೇಡಿ. ಹತ್ತು ಚೀಲ ಯಾರಿಗೂ ಬೇಡ. ನೂಲಿನ ತುಂಡನ್ನು ನೂಲಿನ ಜೊತೆ, ಸಿಂಥೆಟಿಕ್ಕನ್ನು ಬೇರೆ ಕೂಡಿಡಿ. ನೂಲಿನದು ಸಾಕಷ್ಟಾದಾಗ ಕೌದಿ ಹೊಲಿಯಿರಿ. ಎರಡು ಪದರದ ತೆಳು ಕೌದಿ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಕೊಳ್ಳಲು ಸರಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿ: ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ‘ಫೂಲ’ ಎಂಬ ಮಡಿಕೆಯ ಹೂ ಕೂರಿಸುತ್ತಾರೆ. ಮಷಿನ್ ಬೇಡ, ಹೊಸ ಬಟ್ಟೆ ಬೇಡ. ಕೌದಿಯಲ್ಲಿ ಒಂದೇ ಒಂದು ಸಿಂಥೆಟಿಕ್ ತುಂಡು ಸೇರಿದರೂ ಉಳಿದವು ಮೆತ್ತಗಾದ ಮೇಲೆ ಅದೊಂದೇ ಮೈಗೆ ಚುರುಚುರು ಅನ್ನುತ್ತದೆ.

ತರಗತಿಗೆ ಬರುವಾಗ

ಸುಟ್ಟು ನೋಡಿ ನೂಲು ಎಂದು ಖಾತ್ರಿಯಾದ, ಒಗೆದು ಇಸ್ತ್ರಿ ಮಾಡಿದ ಒಂದು ಹಳೆ ಸೀರೆ ಅಥವಾ ಲುಂಗಿ, ಟೇಪು, ಚಾಕ್, ಗುಂಡುಪಿನ್ನು, ಬಟ್ಟೆಗೆ ಹೊಂದುವ ನೂಲಿನ ದಾರ ತರಬೇಕು. ಹೊಸ ಬಟ್ಟೆ ತಂದವರಿಗೆ ಮೊದಲ ವಾರ ಕತ್ತರಿಸಲು ಬಿಡುವುದಿಲ್ಲ. ಕತ್ತರಿ ಅವರವರದೇ ಇರಲಿ, ಅದು ಅದಕ್ಕೂ ಮೊದಲು ಕಾಗದ, ಹಾಲಿನ ಪ್ಯಾಕೆಟು, ಮೀನಿನ ರೆಕ್ಕೆ ಕತ್ತರಿಸಿದ್ದಾಗಿರಬಾರದು. ಇಬ್ಬರಿಗೆ ಒಂದು ಮಷಿನ್; ಬಾಬಿನ್ ಸುತ್ತಿಕೊಂಡು ಸಿದ್ಧವಾಗಿ ಕೂತವರಿಗೆ ಮೊದಲ ಪಾಳಿ.